ವಾಲಿದ ಸೌದೆ ಕೊಟ್ಟಿಗೆ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ನಮ್ಮ ಮನೆಯ ಹಿಂದೆ ಒಂದು ಸೌದೆ ಕೊಟ್ಟಿಗೆ ಇದೆ. ಅಪ್ಪ ಕಟ್ಟಿದ್ದು. ಮರದ ಕಂಬ, ಅಡ್ಡಕ್ಕೆ ಅಡಿಕೆ ದಬ್ಬೆ, ಅದಕ್ಕೆ ಹೊಡೆದ ತಗಡು. ಹೋದ ಮಳೆಗಾಲ ಮುಗಿಯುವಾಗ ಅದರ ಒಂದು ಗೋಡೆ ಹೊರಕ್ಕೆ ಒಂದು ಗೇಣು ವಾಲಿತ್ತು.

ಮೊದಲು ಹೊರಗಿನಿಂದ ಆಧಾರಕ್ಕೆ ಒಂದು ಗಳು ಕೊಟ್ಟೆ. ಎರಡೇ ವಾರ, ಗಳುವಿನ ಬುಡವೇ ಮಣ್ಣಲ್ಲಿ ಹೂತುಹೋಯಿತು. ಆಮೇಲೆ ಕಂಬದ ಬುಡ ಕೆದಕಿ ಚಾಕು ಚುಚ್ಚಿದೆ. ನಾಲ್ಕರಲ್ಲಿ ಎರಡು ಕಂಬಕ್ಕೆ ಚಾಕು ಸಲೀಸಾಗಿ ಇಳಿಯಿತು. ಮೇಲೆಲ್ಲ ಗಟ್ಟಿ, ನೆಲದ ಮಟ್ಟದಲ್ಲಿ ಪೂರ್ತಿ ಲಡ್ಡು. ಮರ ಕೊಳೆಯಲು ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಸೇರುವುದು ಅಲ್ಲೇ ಅಲ್ವಾ? ಸಾಲದ್ದಕ್ಕೆ ಸೌದೆಯನ್ನು ಗೋಡೆಗೆ ಆನಿಸಿ ಪೇರಿಸಿದ್ದೆವು. ಆ ಭಾರವೂ ಹೊರಕ್ಕೆ ನೂಕಿತ್ತು.

ಸೌದೆ ಖಾಲಿ ಮಾಡಿದೆವು. ಮಾಡು ಕುಸಿಯದಂತೆ ತೊಲೆಯ ಕೆಳಗೆ ತಾತ್ಕಾಲಿಕ ಕಂಬ ನಿಲ್ಲಿಸಿದೆವು. ಆ ಗೋಡೆಯ ತಗಡನ್ನೆಲ್ಲ ಬಿಚ್ಚಿದೆವು. ಇದನ್ನು ಮರೆಯಬೇಡಿ. ವಾಲಿದ ಗೋಡೆಯನ್ನು ತಗಡಿನ ಮೊಳೆಗಳು ಹಾಗೇ ಹಿಡಿದಿರುತ್ತವೆ, ಸುಮ್ನೆ ಎಳೆದರೆ ತಗಡು ಹರಿಯುತ್ತದೆ.

ಎದುರು ಗೋಡೆಗೂ ಆಧಾರ ಕೊಟ್ಟು, ಅದರಾಚೆ ಇದ್ದ ಹಲಸಿನ ಮರದ ಬುಡಕ್ಕೆ ಚೈನ್ ಪುಲ್ಲಿ ಕಟ್ಟಿ ವಾಲಿದ ಗೋಡೆಯನ್ನು ಎಳೆದೆವು. ದಿನಕ್ಕೆ ಮೂರು ಬೆರಳಿನಷ್ಟೇ, ನಾಲ್ಕು ದಿನ. ಹಳೇ ಮರ ಒಮ್ಮೆಲೇ ಬಾಗುವುದಿಲ್ಲ, ಆತುರ ಮಾಡಿದರೆ ಕೀಲು ಸೀಳುತ್ತದೆ. ಪ್ರತಿ ಸಲ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಎಷ್ಟು ನೆಟ್ಟಗಾಯಿತೆಂದು ನೋಡುತ್ತಿದ್ದೆವು.

ನೆಟ್ಟಗಾದ ಮೇಲೆ ಒಂದೊಂದೇ ಕಂಬದ ಕೊಳೆತ ಬುಡ ಕೊಯ್ದು, ಕೆಳಗೆ ಕಲ್ಲು ಕೂರಿಸಿ, ಕಬ್ಬಿಣದ ಪಟ್ಟಿಯಿಂದ ಬಿಗಿದೆವು. ಕೊಯ್ದ ತುದಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚಿದೆವು. ಗೆದ್ದಲು ತಡೆಯಲು ಒಳ್ಳೆಯದು, ಆದರೆ ಕೈಗೆ ತಾಗಿದರೆ ಸುಡುತ್ತದೆ, ಜೋಪಾನ.

ಅಪ್ಪನ ಕೊಟ್ಟಿಗೆಯಲ್ಲಿ ಇಲ್ಲದ್ದು ಓರೆ ಪಟ್ಟಿ. ಮೂಲೆಯಿಂದ ಮೂಲೆಗೆ ಅದನ್ನು ಹೊಡೆದರೆ ಚೌಕಟ್ಟಿನೊಳಗೆ ತ್ರಿಕೋನ ಆಗುತ್ತದೆ. ಚೌಕ ಓರೆಯಾಗಬಹುದು, ತ್ರಿಕೋನ ಆಗದು. ತಗಡನ್ನು ಈ ಸಲ ನೆಲದಿಂದ ನಾಲ್ಕು ಬೆರಳು ಮೇಲೆ ಹೊಡೆದೆವು, ಮಣ್ಣು ತಾಗಿ ತುಕ್ಕು ಹಿಡಿಯಬಾರದೆಂದು.

ಈಗ ಸೌದೆಯನ್ನು ಗೋಡೆಯಿಂದ ಒಂದು ಮೊಳ ಬಿಟ್ಟೇ ಪೇರಿಸುತ್ತೇವೆ. ಮೃಗಶಿರ ಮಳೆಗೆ ಇನ್ನೂ ದಿನವಿದೆ. ನಿಮ್ಮ ಕೊಟ್ಟಿಗೆಯ ಕಂಬದ ಬುಡಕ್ಕೂ ಒಮ್ಮೆ ಚಾಕು ಚುಚ್ಚಿ ನೋಡಿ. ನಮಸ್ಕಾರ.