ಬಾಗಿಲ ಬೆಲ್ ಅಲ್ಲಮ್ಮ, ಹಾರ್ಡ್ ಡಿಸ್ಕು

ಟುಂ-ಟಿಂ. ಕೇಳಿಸ್ತಾ? ಹೀಗೆ ಮೇಲಕ್ಕೆ ಏರಿದ್ರೆ ಕಂಪ್ಯೂಟರ್‌ಗೆ ಏನೋ ಸಿಕ್ತು ಅಂತ. ಟಿಂ-ಟುಂ. ಹೀಗೆ ಕೆಳಗಿಳಿದ್ರೆ ಕಿತ್ಕೊಂಡು ಹೋಯ್ತು ಅಂತ. ಹೋದ ವಾರ ಪೂರ್ತಿ ನಮ್ಮ ಮನೇಲಿ ಇದೇ ಸಂಗೀತ. ಅಡುಗೆಮನೆಯಿಂದ ಅಮ್ಮ, "ಲೋ, ಯಾರೋ ಬಂದ್ರು ನೋಡೋ" ಅಂತಾರೆ. ನಾನು, "ಯಾರೂ ಇಲ್ಲಮ್ಮ, ಡಿಸ್ಕು" ಅಂತೀನಿ. ಮೂರನೇ ದಿನ ನಿಜವಾಗ್ಲೂ ಗ್ಯಾಸ್ ಸಿಲಿಂಡರ್‌ನವನು ಬಂದು ಬೆಲ್ ಮಾಡಿದಾನೆ. ಇಬ್ರೂ ಎದ್ದಿಲ್ಲ. ಪಾಪ, ವಾಪಸ್ ಹೋದ.

ವೈರಲ್ಲಿ ಕಂಪ್ಯೂಟರ್‌ಗೆ ಚುಚ್ಚೋ ಆ ಪುಟ್ಟ ಹಾರ್ಡ್ ಡಿಸ್ಕಲ್ಲಿ ಇದ್ದಿದ್ದು ಕಡಲೆಕಾಯಿ ಪರಿಷೆ. ಬಸವನಗುಡೀಲಿ ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರೋಡ್ ಉದ್ದಕ್ಕೂ ರಾಶಿ ಬೀಳುತ್ತಲ್ಲ, ಅದನ್ನ ನಾಲ್ಕು ವರ್ಷದಿಂದ ಶೂಟ್ ಮಾಡ್ತಾ ಬಂದಿದೀನಿ. ಹುರಿದಿದ್ದು, ಹಸೀದು, ಬಡವರ ಬಾದಾಮಿ ಅಂತ ಕೂಗೋರು, ಎಲ್ಲ ಸೇರಿ ಒಂದು ವಿಡಿಯೋ ಮಾಡೋಣ ಅಂತ ಕೂತೆ. ಕಾಪಿಗೆ ಹಾಕಿದೆ. ಐದು ನಿಮಿಷ. ಟಿಂ-ಟುಂ. ಡ್ರೈವ್ ಮಾಯ. ಹತ್ತು ಸೆಕೆಂಡಿಗೆ ಟುಂ-ಟಿಂ, ತಾನೇ ವಾಪಸ್. ಮತ್ತೆ ಟಿಂ-ಟುಂ.

ಎದೆ ಧಸಕ್ ಅಂದಿದ್ದು ಅದಕ್ಕಲ್ಲ. ಪ್ರತಿ ಸಲ ಹೋಗೋವಾಗ ಡಿಸ್ಕ್ ಒಳಗಿಂದ 'ಟಿಕ್' ಅಂತ ಒಂದು ಸದ್ದು. ಹಾರ್ಡ್ ಡಿಸ್ಕ್ ಟಿಕ್ ಅಂದ್ರೆ ಕಥೆ ಮುಗೀತು ಅಂತ ಎಲ್ಲರೂ ಹೇಳ್ತಾರಲ್ಲ. ಆಫೀಸಿನ ಗೆಳೆಯನೊಬ್ಬ ಫೋನಲ್ಲಿ, "ಜಿಪ್ ಕವರ್‌ಗೆ ಹಾಕಿ ಒಂದು ರಾತ್ರಿ ಫ್ರೀಜರ್‌ನಲ್ಲಿಡು ಮಗಾ" ಅಂದ. ದಯವಿಟ್ಟು ಯಾರೂ ಇದನ್ನ ಮಾಡ್ಬೇಡಿ. ಹೊರಗೆ ತೆಗೆದ ತಕ್ಷಣ ನೀರು ಇಬ್ಬನಿ ಥರ ಕೂರುತ್ತೆ, ಒಳಗೂ ಹೊರಗೂ. ಬದುಕಿದ್ದ ಡಿಸ್ಕೂ ಸಾಯುತ್ತೆ.

ಈಗ ಆ ಟಿಕ್ ಏನು ಅಂತ ಹೇಳ್ತೀನಿ, ಯಾಕಂದ್ರೆ ನನಗೆ ಗೊತ್ತಿದ್ದಿದ್ರೆ ಎರಡು ರಾತ್ರಿ ನಿದ್ದೆ ಉಳೀತಿತ್ತು. ಒಳಗಿರೋ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ, ಅಂದ್ರೆ ಸೆಕೆಂಡಿಗೆ 90. ಅದನ್ನ ಓದೋ ಹೆಡ್ಡು ತಟ್ಟೆಗೆ ತಾಗೋದಿಲ್ಲ. ಗಾಳಿಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲ್ತಾ ಇರುತ್ತೆ. ಕರೆಂಟ್ ಕೈಕೊಟ್ರೆ ತಟ್ಟೆ ನಿಧಾನ ಆಗುತ್ತೆ, ಆ ಗಾಳಿ ಇಲ್ಲದಂಗಾಗುತ್ತೆ. ಅಷ್ಟರೊಳಗೆ ಹೆಡ್ಡು ಓಡಿಹೋಗಿ ತನ್ನ ಜಾಗದಲ್ಲಿ ಕೂತ್ಕೋಬೇಕು. ಆ ಓಟದ ಸದ್ದೇ ಟಿಕ್. ಟಿಂ-ಟುಂ ಜೊತೆ ಒಂದೇ ಒಂದು ಟಿಕ್ ಬಂದ್ರೆ ಡಿಸ್ಕು ತನ್ನ ಜೀವ ಉಳಿಸ್ಕೊಳ್ತಿದೆ ಅಂತ ಅರ್ಥ. ಅದೇ ಗಡಿಯಾರದ ಥರ ಟಿಕ್ ಟಿಕ್ ಟಿಕ್ ಅಂತ ನಿಲ್ಲದೆ ಬರ್ತಿದ್ರೆ ಅದು ಬೇರೆ. ತಕ್ಷಣ ತೆಗೆದಿಡಿ, ಡೇಟಾ ರಿಕವರಿ ಮಾಡೋರ ಹತ್ರ ಹೋಗಿ, ನಡುವೆ ನೀವು ಏನೂ ಪ್ರಯತ್ನ ಮಾಡೋಕೆ ಹೋಗ್ಬೇಡಿ.

ಮೊದಲನೇ ಸಂಜೆ ನಾನು ಮಾಡಿದ್ದು ದಂಡ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್, ಅಂದ್ರೆ ಸುಮ್ನಿರೋ ಸಾಧನಕ್ಕೆ ಕರೆಂಟ್ ಉಳಿಸೋಕೆ ನಿದ್ದೆ ಮಾಡಿಸೋದು, ಅದು ಆಫ್. ಡಿವೈಸ್ ಮ್ಯಾನೇಜರ್‌ಗೆ ಹೋಗಿ ಒಂದೊಂದು ಯುಎಸ್‌ಬಿ ರೂಟ್ ಹಬ್ ತೆರೆದು, ವಿದ್ಯುತ್ ಉಳಿಸೋಕೆ ಇದನ್ನ ಆಫ್ ಮಾಡಬಹುದು ಅನ್ನೋ ಟಿಕ್ ಮಾರ್ಕ್ ತೆಗೆದೆ. ಇದೂ ಒಂದು ಟಿಕ್, ನೋಡಿ. ಏನೂ ಬದಲಾಗ್ಲಿಲ್ಲ.

ದಾರಿ ತೋರಿಸಿದ್ದು ಅಮ್ಮ. ರಾತ್ರಿ ಊಟಕ್ಕೆ ಕೂತಾಗ, "ನೀನು ಅದರಲ್ಲಿ ಏನಾದ್ರೂ ಮಾಡ್ತಿರೋವಾಗ್ಲೇ ಬಡ್ಕೊಳ್ಳುತ್ತೆ ಕಣೋ. ನೀನು ಆಫೀಸಿಗೆ ಹೋದ್ಮೇಲೆ ಇಡೀ ದಿನ ಆನ್ ಇರುತ್ತೆ, ಗಪ್ ಚಿಪ್" ಅಂದ್ರು. ಅನ್ನ ಕಲಸ್ತಾ ಇದ್ದ ಕೈ ಹಾಗೇ ನಿಂತೋಯ್ತು.

ಅಲ್ವಾ? ಡಿಸ್ಕ್ ಯಾಕೆ ಹೋಗುತ್ತೆ ಅಂತ ತಲೆ ಕೆಡಿಸ್ಕೊಂಡೆ, ಯಾವಾಗ ಹೋಗುತ್ತೆ ಅಂತ ನೋಡ್ಲೇ ಇಲ್ಲ. ಸುಮ್ನೆ ಬಿಟ್ಟಾಗ ಹೋದ್ರೆ ವಿದ್ಯುತ್ ಉಳಿಸೋ ಸೆಟ್ಟಿಂಗ್ ಮೇಲೆ ಅನುಮಾನ ಪಡಬೇಕು, ನಾನು ಮೊದಲನೇ ಸಂಜೆ ಮಾಡಿದ್ದು ಆಗ ಸರಿ. ಮೇಜು ಅಲ್ಲಾಡಿದಾಗ ಹೋದ್ರೆ ಪಿನ್ನು ಸಡಿಲ. ಪ್ರತಿ ಸಲ ಅದೇ ಒಂದು ಫೈಲ್ ಹತ್ರ ಬಂದು ಸಿಕ್ಕಾಕೊಂಡ್ರೆ ತಟ್ಟೆಯಲ್ಲೇ ಗಾಯ ಇರಬಹುದು. ಬೇರೆ ಬೇರೆ ಫೈಲಲ್ಲಿ, ಆದ್ರೆ ಕೆಲಸ ಮಾಡೋವಾಗ ಮಾತ್ರ ಹೋದ್ರೆ? ಕರೆಂಟು ಸಾಲ್ತಿಲ್ಲ.

ಅಮ್ಮನ ಮಾತನ್ನ ಕಂಪ್ಯೂಟರ್ ಹತ್ರಾನೂ ಕೇಳಿ ನೋಡ್ದೆ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಇದೆ, ಏನೇನಾಯ್ತು ಅಂತ ಕಂಪ್ಯೂಟರ್ ಬರೆದಿಡೋ ಡೈರಿ, ಈಗ ಸ್ಕ್ರೀನ್ ಮೇಲೆ ಕಾಣ್ತಿದೆಯಲ್ಲ, ಅದೇ. ಅದರಲ್ಲಿ ಸಿಸ್ಟಮ್ ಲಾಗ್, 157ನೇ ನಂಬರು. ಡಿಸ್ಕ್ 'ಸರ್‌ಪ್ರೈಸ್ ರಿಮೂವ್ಡ್' ಅಂತ ಬರೆದಿರುತ್ತೆ. ಸರ್‌ಪ್ರೈಸ್ ಅಂತೆ! ಟೈಮ್ ನೋಡಿದ್ರೆ ಎಲ್ಲವೂ ಸಂಜೆ ಏಳರಿಂದ ಹನ್ನೊಂದು. ಹಗಲು ಒಂದೂ ಇಲ್ಲ.

ಈಗ ನನ್ನ ಮೇಜಿನ ಕೆಳಗೆ ಬನ್ನಿ. ನಾಚಿಕೆ ಆಗುತ್ತೆ, ಆದ್ರೂ ತೋರಿಸ್ತೀನಿ. ಸಿಪಿಯು ಮುಂದಿನ ಒಂದು ಪೋರ್ಟಿಗೆ ನಾಲ್ಕು ಬಾಯಿಯ ಹಬ್ಬು. ಅದಕ್ಕೆ ಡಿಸ್ಕು, ವೆಬ್‌ಕ್ಯಾಮು, ಒಂದು ಪುಟಾಣಿ ಲೈಟು, ಜೊತೆಗೆ ಚಾರ್ಜಿಗೆ ಫೋನು. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟು ಕೊಡಬೇಕಾಗಿರೋದು 5 ವೋಲ್ಟಲ್ಲಿ 900 ಮಿಲಿ ಆಂಪಿಯರ್. ಹಳೇ ಯುಎಸ್‌ಬಿ 2 ಆದ್ರೆ ಬರೀ 500. ಹಬ್ಬಿಗೆ ಅದರದ್ದೇ ಅಡಾಪ್ಟರ್ ಇಲ್ಲದಿದ್ರೆ ಆ 900ನ್ನೇ ನಾಲ್ಕು ಜನ ಹಂಚ್ಕೋಬೇಕು. ಜೇಬಿಗೆ ಹಾಕೋ ಸೈಜಿನ ಡಿಸ್ಕಿಗೆ ಬೇರೆ ಪ್ಲಗ್ ಇರಲ್ಲ, ಅದರ ಊಟ ತಿಂಡಿ ಎಲ್ಲ ಆ ವೈರಲ್ಲೇ. ಅದರಲ್ಲೂ ನಿಂತಿರೋ ತಟ್ಟೆಯನ್ನ ಮೊದಲು ತಿರುಗಿಸೋವಾಗ ಎಳೆಯೋ ಕರೆಂಟು ಜಾಸ್ತಿ, ಕೆಟ್ಟು ನಿಂತ ಗಾಡಿ ತಳ್ಳಿದ ಹಾಗೆ. ಅದಕ್ಕೇ ಒಂದು ಸಲ ಬಿದ್ದ ಡಿಸ್ಕು ಎದ್ದೇಳೋಕೆ ಹೋಗಿ ಮತ್ತೆ ಬೀಳುತ್ತೆ.

ಹಬ್ ಕಿತ್ತೆ. ಮುಂದಿನ ಪೋರ್ಟು ಮದರ್‌ಬೋರ್ಡಿಗೆ ಇನ್ನೊಂದು ವೈರಲ್ಲಿ ಹೋಗಿರುತ್ತೆ, ಹಿಂದಿನದು ಬೋರ್ಡ್ ಮೇಲೇ ಇರುತ್ತೆ. ಹಿಂದಕ್ಕೆ ಚುಚ್ಚಿದೆ. ಐದು ನಿಮಿಷ ಇದ್ದಿದ್ದು ನಲವತ್ತು ನಿಮಿಷ ಆಯ್ತು. ಕುಣಿದಾಡ್ಬಿಟ್ಟೆ. ಆಮೇಲೆ ಟಿಂ-ಟುಂ.

ಹಾಂ, ನಡುವೆ ಒಂದು ಮಾತು. ವೈರ್‌ಲೆಸ್ ಮೌಸಿನ ಡಾಂಗಲ್‌ನ ಈ ಡಿಸ್ಕಿನ ಪಕ್ಕದ ಪೋರ್ಟಿಗೆ ಹಾಕಿದ್ದೆ, ಮೌಸು ಕುಂಟ್ತಿತ್ತು. ಯುಎಸ್‌ಬಿ 3ರ ಗದ್ದಲ ಇಂಥ ಮೌಸ್ ಬಳಸೋ 2.4 ಗಿಗಾಹರ್ಟ್ಸ್‌ಗೆ ಅಡ್ಡ ಬರುತ್ತೆ ಅಂತ ಇಂಟೆಲ್‌ನವರೇ 2012ರಲ್ಲಿ ಬರೆದಿಟ್ಟಿದ್ದಾರೆ. ಡಾಂಗಲ್ ದೂರ ಹಾಕಿ, ಮೌಸ್ ಎಸೀಬೇಡಿ.

ಶನಿವಾರ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಹೊರಟೆ. ಭಾನುವಾರ ಬಹುತೇಕ ಬಾಗಿಲು ಹಾಕಿರ್ತಾರೆ. ನ್ಯಾಷನಲ್ ಕಾಲೇಜ್ ಹತ್ರ ಮೆಟ್ರೋ ಹತ್ತಿದ್ರೆ ಮಾರ್ಕೆಟ್, ಅದಾದ್ಮೇಲೆ ಚಿಕ್ಕಪೇಟೆ, ಅಷ್ಟೇ. ಗಾಡಿ ತಗೊಂಡು ಹೋಗೋ ಧೈರ್ಯ ಇದ್ರೆ ನಿಮ್ಮಿಷ್ಟ. ಅಂಗಡಿ ಅಂದ್ರೆ ಬೀರು ಬಾಗಿಲಷ್ಟು ಅಗಲ. ಒಳಗಿದ್ದ ಯಜಮಾನ್ರಿಗೆ ಡಿಸ್ಕ್ ಕೊಟ್ಟೆ. ಅವರು ಡಿಸ್ಕ್ ಕಡೆ ನೋಡ್ಲೂ ಇಲ್ಲ, ವೈರನ್ನ ಎರಡು ಬೆರಳಲ್ಲಿ ಹಿಡಿದು ಹೊಸಕಿದ್ರು, ರೇಷ್ಮೆ ಸೀರೆ ನೋಡೋ ಥರ.

"ಇದು ಡಿಸ್ಕ್ ಜೊತೆ ಬಂದಿದ್ದಾ ಸಾರ್?"

ಅಲ್ಲ. ಜೊತೆ ಬಂದಿದ್ದು ಒಂದು ಗೇಣುದ್ದ. ಡಿಸ್ಕನ್ನ ಮೇಲಿನ ಶೆಲ್ಫಲ್ಲಿ ಇಡ್ಬೇಕು ಅಂತ ನಾನೇ ಒಂದೂವರೆ ಮೀಟರಿನ ಅಗ್ಗದ್ದು ತಗೊಂಡಿದ್ದೆ.

"ತೆಳ್ಳಗಿದೆ ಸಾರ್ ಒಳಗೆ ತಾಮ್ರ. ಆ ಕಡೆಯಿಂದ 5 ವೋಲ್ಟ್ ಹೊರಡುತ್ತೆ, ಈ ಕಡೆ ಬರೋ ಹೊತ್ತಿಗೆ ಸುಸ್ತು."

ಲೆಕ್ಕ ಹಾಕಿದ್ರೆ ಅವರು ಹೇಳಿದ್ದು ನಿಜ. ಹೋಗೋಕೊಂದು, ಬರೋಕೊಂದು, ಒಟ್ಟು ಮೂರು ಮೀಟರ್ ತಂತಿ. ಅಷ್ಟು ತೆಳು ತಂತಿಯಲ್ಲಿ ಅರ್ಧ ವೋಲ್ಟಿನಷ್ಟು ದಾರೀಲೇ ಕಳೆದುಹೋಗಬಹುದು. ಕಾಪಿ ಜೋರಾದಷ್ಟೂ ಎಳೆತ ಜಾಸ್ತಿ, ಸೋರೋದೂ ಜಾಸ್ತಿ. ಅವರು ಮೋಟು, ದಪ್ಪ ವೈರೊಂದು ಕೊಟ್ರು, 180 ರೂಪಾಯಿ. ಅಲ್ಲೇ ಅವರ ಕಂಪ್ಯೂಟರಲ್ಲಿ ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಸಾಫ್ಟ್‌ವೇರ್ ತೆಗೆದು ತೋರಿಸಿದ್ರು. 05, ಸಿ5, ಸಿ6, ಈ ಮೂರು ಸಾಲಿನ ಕೊನೇಲಿ ಸೊನ್ನೆ ಇದ್ರೆ ತಟ್ಟೆಗೆ ಗಾಯ ಆಗಿರೋ ಗುರುತಿಲ್ಲ ಅಂತ. ಮೂರೂ ಸೊನ್ನೆ. ಆ ಸೊನ್ನೆಗಳನ್ನ ಪರೀಕ್ಷೇಲಿ ನೋಡಿದ್ದಕ್ಕಿಂತ ಸಂತೋಷವಾಗಿ ನೋಡ್ದೆ.

ಮನೆಗೆ ಬಂದು ಮೊದಲು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ದೆ. ಹೀಗೆ ಕಿತ್ಕೊಂಡು ಕಿತ್ಕೊಂಡು ಸುಸ್ತಾದ ಡಿಸ್ಕನ್ನ ಚುಚ್ಚಿದಾಗ ಕೆಲವು ಸಲ ವಿಂಡೋಸ್, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ. ಬೇಡ ಅನ್ನಿ. ಡಿಸ್ಕಿನ ತಪ್ಪು ಹುಡುಕೋ ವಿಂಡೋಸ್‌ನ ಚೆಕ್ ಡಿಸ್ಕ್ ಓಡಿಸೋದೂ ಕಾಪಿ ಆದ್ಮೇಲೆ. ರಿಪೇರಿ ಮಾಡ್ತೀನಿ ಅಂತ ಅದು ಡಿಸ್ಕ್ ಮೇಲೆ ಬರೆಯೋಕೆ ಶುರು ಮಾಡುತ್ತೆ, ನಿಮ್ಮ ಫೈಲ್ ಉಳಿಯುತ್ತೋ ಇಲ್ವೋ ಅದಕ್ಕೆ ಚಿಂತೆ ಇಲ್ಲ. ಮೂರೂವರೆ ಗಂಟೆ. ಒಂದೂ ಟಿಂ-ಟುಂ ಇಲ್ಲ. ಅಮ್ಮ ಎರಡು ಸಲ ಬಂದು ಕೆಟ್ಟೋಯ್ತೇನೋ ಅಂತ ಕೇಳಿ ಹೋದ್ರು.

ಹಳೇ ವೈರನ್ನ ವೈರ್ ಡಬ್ಬಕ್ಕೆ ವಾಪಸ್ ಹಾಕೋಕೆ ಹೋದೆ. ನಿಮ್ಮ ಮನೇಲೂ ಇದೆ ಆ ಡಬ್ಬ, ಸುಳ್ಳು ಹೇಳ್ಬೇಡಿ. ಆರು ತಿಂಗಳಾದ್ಮೇಲೆ ಇದೇ ವೈರು ಕೈಗೆ ಸಿಗುತ್ತೆ, ಇನ್ನೊಂದು ಡಿಸ್ಕಿಗೆ ಚುಚ್ತೀನಿ, ಮತ್ತೆ ಮೊದಲಿಂದ. ಅದಕ್ಕೇ ಕತ್ರಿ ತಗೊಂಡು ಎರಡೂ ತುದಿ ಕತ್ತರಿಸ್ದೆ, ಈಗ ನೋಡ್ತಿದೀರಲ್ಲ ಇದು. ಕಸದ ಬುಟ್ಟೀಲಿ ನೋಡಿದ ಅಮ್ಮ, "ಗಟ್ಟಿ ಇದೆಯಲ್ಲೋ, ಯಾಕೆ ಬಿಸಾಕ್ತೀಯ" ಅಂತ ತಗೊಂಡು ಹೋದ್ರು. ಟೆರೇಸ್ ಮೇಲೆ ಮಲ್ಲಿಗೆ ಬಳ್ಳೀನ ಕಂಬಿಗೆ ಕಟ್ಟಿದಾರೆ. ನಿನ್ನೆ ರಾತ್ರಿ ಅಷ್ಟು ಗಾಳಿ ಮಳೆ ಬಂತು, ಬಿಚ್ಕೊಂಡಿಲ್ಲ.