ನರಸಾಪುರ ದಾಟಿದ ಮೇಲೆ ಮೋಡ ಎಲ್ಲಿ?

ರಾಡಾರ್ ಚಿತ್ರದಲ್ಲಿ ಈ ಕೆಂಪು ಚುಕ್ಕೆ ಕಾಣುತ್ತಿದೆಯಲ್ಲ, ಅದು ಆಂಧ್ರದ ಮದನಪಲ್ಲಿಯ ಮೇಲಿದೆ. ಟೈಮ್ ರಾತ್ರಿ 8.30. ಅಲ್ಲಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ 100 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೇಲಿನ ಗಾಳಿ ಈಶಾನ್ಯದಿಂದ ಬೀಸುತ್ತಿದೆ. ಅಂದರೆ ಈ ಗುಡುಗಿನ ಮೋಡ ಮುಖ ಮಾಡಿರುವುದು ನಮ್ಮ ಕಡೆಗೇ. ಗಂಟೆಗೆ 30 ಕಿಲೋಮೀಟರ್ ಲೆಕ್ಕ ಹಿಡಿದರೂ ಇಲ್ಲಿಗೆ ಬರುವಷ್ಟರಲ್ಲಿ ಮಧ್ಯರಾತ್ರಿ ದಾಟುತ್ತದೆ.

ನಮಸ್ಕಾರ. ಇದು 2025ರ ಮೇ ಮೊದಲ ವಾರದ ಒಂದು ರಾತ್ರಿ ತೆಗೆದ ವಿಡಿಯೊ. ಮಳೆ ಮೋಡದ ಬೆನ್ನು ಹತ್ತುವವರದು, ನಮ್ಮದೊಂದು ಸಣ್ಣ ವಾಟ್ಸಾಪ್ ಗುಂಪಿದೆ. ಬಾಣಸವಾಡಿಯಲ್ಲಿ ನಾನು. ಜಯನಗರದಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಸಾರ್ ಒಬ್ಬರು. ಹೊಸಕೋಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮಾವಿನ ತೋಟ ಇರುವ ಅಣ್ಣ. ಇನ್ನೂ ಕೆಲವರು. ಹವಾಮಾನ ಓದಿದವರು ಯಾರೂ ಇಲ್ಲ. ಮಾರ್ಚ್ ಮುಗಿಯುತ್ತಿದ್ದಂತೆ ನಿದ್ದೆ ಕೆಡುವುದು ಮಾತ್ರ ಎಲ್ಲರಿಗೂ.

2024ರ ಏಪ್ರಿಲ್‌ನಲ್ಲಿ ಈ ಗುಂಪು ಸತ್ತೇ ಹೋಗಿತ್ತು. ಬೆಂಗಳೂರು ನಗರದ ಕೇಂದ್ರದಲ್ಲಿ ಆ ತಿಂಗಳು ಲೆಕ್ಕಕ್ಕೆ ಬರುವಷ್ಟು ಮಳೆಯೇ ಬೀಳಲಿಲ್ಲ. 1983ರ ನಂತರ ಅಂಥ ಏಪ್ರಿಲ್ ಬಂದಿರಲಿಲ್ಲ. ದಿನಾ ಸಂಜೆ ಒಬ್ಬರಲ್ಲ ಒಬ್ಬರು ಖಾಲಿ ಉಪಗ್ರಹ ಚಿತ್ರ ಹಾಕುವುದು, ಉಳಿದವರು ಅಳುವ ಮುಖದ ಇಮೋಜಿ ಹಾಕುವುದು. ಅಷ್ಟೇ ಕೆಲಸ.

2025 ಹಾಗಾಗಲಿಲ್ಲ. ಈಗ ನೀವು ನೋಡುತ್ತಿರುವುದು ಭರಣಿ ಮಳೆಯ ದಿನಗಳು. ಏಪ್ರಿಲ್ ಕೊನೆಯಿಂದ ಮೇ 10ರ ಆಸುಪಾಸಿನವರೆಗೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುತ್ತಿದ್ದರಲ್ಲ, ಅದೇ ಭರಣಿ. ಬೆಂಗಳೂರಿಗೂ ಇದರ ರುಚಿ ಗೊತ್ತು. 1909ರ ಮೇ 6ರಂದು ಇಲ್ಲಿ ಒಂದೇ ದಿನ 153.9 ಮಿಲಿಮೀಟರ್ ಸುರಿದಿತ್ತು.

ಸರಿ, ಮೋಡಕ್ಕೆ ಬರೋಣ. ಮಧ್ಯಾಹ್ನ ನೆಲ ಕಾದಿತ್ತು. ಬಂಗಾಳ ಕೊಲ್ಲಿ ಕಡೆಯಿಂದ ತೇವದ ಗಾಳಿ ಒಳಗೆ ಬರುತ್ತಿತ್ತು. ಸಂಜೆ 5.30ಕ್ಕೆ ಹವಾಮಾನ ಇಲಾಖೆಯವರು ಬಲೂನ್ ಬಿಡುತ್ತಾರೆ. ಬೆಳಿಗ್ಗೆ 5.30ಕ್ಕೂ ಬಿಡುತ್ತಾರೆ. ಮೇಲೆ ಹೋಗುತ್ತಾ ಗಾಳಿ ಎಷ್ಟು ತಣ್ಣಗಾಗುತ್ತದೆ, ಎಷ್ಟು ತೇವವಿದೆ, ಯಾವ ದಿಕ್ಕಿಗೆ ಬೀಸುತ್ತಿದೆ, ಎಲ್ಲವನ್ನೂ ಅದು ಹೇಳುತ್ತದೆ. ಅದನ್ನೆಲ್ಲ ಗೀಟುಗಳಲ್ಲಿ ತೋರಿಸುವ ಚಾರ್ಟ್ ಓದಲು ಕಲಿತವನಿಗೆ ಆಮೇಲೆ ಟಿವಿಯ ಹವಾಮಾನ ವರದಿ ಸಪ್ಪೆ ಎನಿಸುತ್ತದೆ. ಟಿವಿಯಲ್ಲಿ "ಕೋಲಾರ, ಬೆಂಗಳೂರು ಜಿಲ್ಲೆಗಳ ಕೆಲವೆಡೆ ಗುಡುಗು ಸಹಿತ ಮಳೆ" ಎಂದರು. ತಪ್ಪೇನಿಲ್ಲ. ಅವರು ಜಿಲ್ಲೆ ಹೇಳುತ್ತಾರೆ. ನಮಗೆ ಬೇಕಾದದ್ದು ಬೀದಿ. ಅದು ಬೇಕೆಂದರೆ ಎದ್ದಿರಲೇಬೇಕು.

9.40. ಈಗ ರಾಡಾರ್ ನೋಡಿ. ಕೆಂಪಿನ ನಡುವೆ ಒಂದು ನೇರಳೆ ಬಿಂದು ಮೂಡಿದೆ, ಶ್ರೀನಿವಾಸಪುರಕ್ಕೆ ಒತ್ತಿಕೊಂಡೇ. ರಾಡಾರ್ ಕಳಿಸಿದ ಅಲೆ ಮಳೆಹನಿಗೆ ತಗುಲಿ ವಾಪಸ್ ಬರುತ್ತದೆ. ಹನಿ ದಪ್ಪ ಇದ್ದಷ್ಟೂ ಬಣ್ಣ ಗಾಢ. ಇಷ್ಟು ಗಾಢವಾದರೆ ಬೀಳುತ್ತಿರುವುದು ಬರೀ ನೀರಲ್ಲ ಎಂಬ ಅನುಮಾನ ಬರಬೇಕು. ಗುಂಪಿನಲ್ಲಿ ಜಯನಗರದ ಸಾರ್ ಖುಷಿಯಲ್ಲಿದ್ದಾರೆ. "ಅಬ್ಬಾ, ಏನ್ ಸೆಲ್ ಗುರು ಇದು!" ಎಂದು ಹಾಕಿದ್ದಾರೆ. ಸೆಲ್ ಎಂದರೆ ಒಂದು ಗುಡುಗು ಮೋಡ. ಮಾವಿನ ತೋಟದ ಅಣ್ಣ ಓದಿದ್ದಾರೆ, ನೀಲಿ ಟಿಕ್ ಬಂದಿದೆ. ಉತ್ತರ ಇಲ್ಲ.

ಸ್ವಲ್ಪ ಹೊತ್ತಿಗೆ ಅವರದೊಂದು ವಾಯ್ಸ್ ಮೆಸೇಜ್. ಕೇಳಿಸಿಕೊಳ್ಳಿ. ಮಾತು ಕೇಳುವುದಿಲ್ಲ. ಶೀಟಿನ ಮೇಲೆ ಕಲ್ಲು ಬೀಳುವ ಸದ್ದು ಮಾತ್ರ. ಕೊನೆಗೆ ಒಂದೇ ಸಾಲು: "ಆಲಿಕಲ್ಲು ಕಣ್ರಪ್ಪಾ, ನಿಂಬೆಕಾಯಿ ಗಾತ್ರ."

ಸೆಲ್ ಚೆನ್ನಾಗಿದೆ ಎಂದವರು ಆಮೇಲೆ ಆ ಮೆಸೇಜ್ ಡಿಲೀಟ್ ಮಾಡಿದರು. ಮಾಡಬೇಕಿರಲಿಲ್ಲ ಎನ್ನುತ್ತೇನೆ ನಾನು. ಚೆಂದದ ಮೋಡ ಚೆಂದದ ಮೋಡವೇ. ಆದರೆ ಅದರ ಕೆಳಗೆ ಯಾರಿದ್ದಾರೆ ಎಂದು ಮೊದಲು ಕೇಳಿಕೊಂಡು ಆಮೇಲೆ ಕುಣಿದರೆ ಒಳ್ಳೆಯದು, ಅಲ್ವಾ?

10.30. ಮೋಡ ಕೋಲಾರದ ಉತ್ತರಕ್ಕೆ, ವೇಮಗಲ್ ಕಡೆ. ಇಲ್ಲಿಂದ ನಮಗೆ ನಿಜವಾದ ತಲೆನೋವು ಶುರು. ನಾವು ನೋಡುತ್ತಿರುವುದು ಚೆನ್ನೈನ ರಾಡಾರ್. 2002ರಲ್ಲಿ ಶುರುವಾದದ್ದು, ಬಂದರಿನ ಕಟ್ಟಡದ ಮೇಲಿದೆ. ಅದರ ಚಿತ್ರದಲ್ಲಿ 250 ಕಿಲೋಮೀಟರ್‌ನ ಒಂದು ವೃತ್ತ ಇರುತ್ತದೆ. ಕೋಲಾರ ವೃತ್ತದ ಒಳಗಿದೆ. ಹೊಸಕೋಟೆ ಹೊರಗೆ. ಆ ಗೆರೆ ಹಾದುಹೋಗುವುದು ಹೆಚ್ಚುಕಡಿಮೆ ನರಸಾಪುರದ ಮೇಲೆ. ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಫ್ಯಾಕ್ಟರಿಗಳ ಊರು. ನಮಗೆ ಮೋಡ ಕೈತಪ್ಪುವ ಊರು.

ಇನ್ನೂ ದೂರದ ಚಿತ್ರ ಇಲ್ಲವೆಂದಲ್ಲ. ಆದರೆ ಭೂಮಿ ದುಂಡಗಿದೆಯಲ್ಲ. ಚೆನ್ನೈನಿಂದ ಹೊರಟ ರಾಡಾರ್ ಕಿರಣ ಬೆಂಗಳೂರಿಗೆ ಬರುವಷ್ಟರಲ್ಲಿ ನಮ್ಮ ತಲೆಯ ಮೇಲೆ ಸುಮಾರು 7 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದಕ್ಕೆ ಕಾಣುವುದು ಮೋಡದ ನೆತ್ತಿ. ಕೆಳಗೆ ಮಳೆ ಬರುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಬೆಂಗಳೂರಿಗೇ ಒಂದು ಡಾಪ್ಲರ್ ರಾಡಾರ್ ಬೇಕು ಎಂಬ ಬೇಡಿಕೆ ಇಂದು ನಿನ್ನೆಯದಲ್ಲ. ಈ ವಿಡಿಯೊ ತೆಗೆದ ರಾತ್ರಿ ಅಂತೂ ಇರಲಿಲ್ಲ.

ಹಾಗಾದರೆ ಕೊನೆಯ 50 ಕಿಲೋಮೀಟರ್ ಹೇಗೆ? ಮೊದಲು ಸಿಡಿಲು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇದು. ಕೆಂಪು ಎಂದರೆ ಕಳೆದ 5 ನಿಮಿಷದಲ್ಲಿ ಹೊಡೆದದ್ದು. ಹಳದಿ 10 ನಿಮಿಷದೊಳಗಿನದು, ನೀಲಿ 15. ನೀಲಿ ಹಿಂದೆ, ಕೆಂಪು ಮುಂದೆ ಇದ್ದರೆ ಮೋಡ ನಡೆಯುತ್ತಿದೆ ಎಂದರ್ಥ. ಕೆಂಪೇ ಇಲ್ಲದೆ ಬರೀ ನೀಲಿ ಉಳಿದರೆ ಮೋಡ ಸಾಯುತ್ತಿದೆ. ಆಮೇಲೆ ಮಳೆಮಾಪಕ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಾಪಕ ಇಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ದೊಡ್ಡ ರಾಡಾರ್ ಕಾಣದ ಮಳೆಯನ್ನು ಪಂಚಾಯಿತಿ ಕಟ್ಟಡದ ಪಕ್ಕದ ಡಬ್ಬಿ ಹೇಳುತ್ತದೆ. ನನಗೆ ಇದು ಈಗಲೂ ಸೋಜಿಗ.

ಮೂರನೆಯದು ಹೊಸಕೋಟೆಯ ಗೆಳೆಯ.

11.20. ಅವನ ಮೆಸೇಜ್: "ಗಾಳಿ ತಿರುಗ್ತು. ಬೋರ್ಡ್ ಹಾರಿ ಹೋಯ್ತು. ಮಳೆ ಇಲ್ಲ." ಇದು ಕೆಟ್ಟ ಸುದ್ದಿ. ಮಳೆ ಸುರಿಯುವಾಗ ಮೋಡದಿಂದ ತಣ್ಣನೆ ಗಾಳಿಯೂ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಅದು ಮೋಡಕ್ಕಿಂತ ಬಹಳ ಮುಂದೆ ಓಡಿಬಿಟ್ಟರೆ ಮೋಡಕ್ಕೆ ಕೆಳಗಿನಿಂದ ಸಿಗುವ ಬಿಸಿ ಗಾಳಿ ನಿಲ್ಲುತ್ತದೆ. ಆಮೇಲೆ ಅದು ಬರೀ ತುಂತುರು. ದಾಮಿನಿಯಲ್ಲಿ ನೋಡಿ, ಕೆಂಪು ಚುಕ್ಕೆಗಳು ತೆಳುವಾದವು. ಗುಂಪಿನಲ್ಲಿ ಇಬ್ಬರು ಗುಡ್ ನೈಟ್ ಹೇಳಿದರು. ಅಮ್ಮ ರೂಮಿನಿಂದಲೇ ಕೂಗಿದರು, "ಮಲ್ಕೊಳೋ, ಮಳೆ ಬಂದ್ರೆ ಕಿಟಕಿನೇ ಎಬ್ಬಿಸುತ್ತೆ."

ನಾನು ಮಲಗಲಿಲ್ಲ. ಹೀಗೆ ಓಡಿದ ತಣ್ಣನೆ ಗಾಳಿ ಒಂದು ಕಡೆ ಮೋಡವನ್ನು ಕೊಲ್ಲುತ್ತದೆ, ಇನ್ನೊಂದು ಕಡೆ ಹೊಸದನ್ನು ಹುಟ್ಟಿಸುತ್ತದೆ. ಮುಂದಿನ ಊರಿನಲ್ಲಿ ಇನ್ನೂ ಬಿಸಿ, ತೇವದ ಗಾಳಿ ಉಳಿದಿದ್ದರೆ ಅದರ ಅಡಿಗೆ ನುಗ್ಗಿ ಮೇಲಕ್ಕೆತ್ತುತ್ತದೆ. ಒಂದು ಗುಡುಗು ಮೋಡದ ಆಯಸ್ಸು ಸಾಮಾನ್ಯವಾಗಿ ಒಂದು ಗಂಟೆಯಷ್ಟು. ಮದನಪಲ್ಲಿಯ ಮೋಡವೇ ಬಾಣಸವಾಡಿಗೆ ಬರುವುದಿಲ್ಲ. ಬರುವುದಿದ್ದರೆ ಅದರ ಮೊಮ್ಮಗ.

11.50. ಟೆರೇಸಿನ ಶಾಟ್. ಸೆಕೆ. ಥರ್ಮಾಮೀಟರ್ 27 ತೋರಿಸುತ್ತಿದೆ. ಪಕ್ಕದ ಮನೆಯ ತೆಂಗಿನ ಗರಿ ಅಲುಗುತ್ತಿಲ್ಲ. ಈಗ ನೋಡಿ, ಗರಿ ಒಮ್ಮೆಲೇ ತಿರುಗಿತು. ಹೊಸಕೋಟೆಯ ಗಾಳಿ ನಮ್ಮಲ್ಲಿಗೆ ಮುಟ್ಟಿತು. ಧೂಳು, ಅದರ ಹಿಂದೆಯೇ ಎಲ್ಲೋ ನೆಂದ ಮಣ್ಣಿನ ವಾಸನೆ. 27, 25, 23. ಕೆಲವೇ ನಿಮಿಷದಲ್ಲಿ ಇಷ್ಟು ಇಳಿಯಿತು. ಕೆಳಗೆ ಯಾರದೋ ಗೇಟ್ ಬಡಿದುಕೊಂಡಿತು. ಕೆ.ಆರ್. ಪುರದ ಕಡೆ ಮಿಂಚು. ಆ ಬೆಳಕಿನಲ್ಲಿ ಒಂದು ಕ್ಷಣ ಮೋಡದ ಮೈ ಕಾಣುತ್ತದೆ, ವಿಡಿಯೊ ನಿಲ್ಲಿಸಿ ತೋರಿಸುತ್ತೇನೆ. ಹೂಕೋಸಿನ ಹಾಗೆ ಉಬ್ಬಿರುವ ಅಂಚು ಇನ್ನೂ ಗಟ್ಟಿಯಾಗಿದೆ. ಸಾಯುವ ಮೋಡದ ಅಂಚು ಹೊಗೆಯಂತೆ ಮಸುಕಾಗಿರುತ್ತದೆ. ಇದು ಹೊಸದು. ಬೆಳೆಯುತ್ತಿದೆ.

ಮಿಂಚಿನಿಂದ ಗುಡುಗಿಗೆ ಎಣಿಸಿದೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಟೆರೇಸ್ ಬಿಡಬೇಕು. ನನಗೆ 24ಕ್ಕೇ ಕೇಳಿತು. ಕ್ಯಾಮೆರಾ ಸ್ಟ್ಯಾಂಡ್ ಎತ್ತಿಕೊಂಡು ಕೆಳಗಿಳಿದೆ. ಟೆರೇಸಿನಲ್ಲಿ ನಿಂತು ಸಿಡಿಲಿನ ವಿಡಿಯೊ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಿಟಕಿಯ ಒಳಗಿಂದಲೂ ಅಷ್ಟೇ ಚೆನ್ನಾಗಿ ಬರುತ್ತದೆ.

12.25ಕ್ಕೆ ಮೊದಲ ಹನಿ. ಐದು ನಿಮಿಷಕ್ಕೆ ಕರೆಂಟ್ ಹೋಯಿತು. ಮುಂದಿನ ದೃಶ್ಯ ಕತ್ತಲು, ಬರೀ ಸದ್ದು. ಹಾಗೇ ಬಿಟ್ಟಿದ್ದೇನೆ, ಮ್ಯೂಸಿಕ್ ಹಾಕಿಲ್ಲ.

ಇಲ್ಲೊಂದು ಮಾತು. ಇದಾದ ಮೇಲೆ ಅದೇ ತಿಂಗಳ 18ರ ರಾತ್ರಿ ಬಂದ ಮಳೆ ನೆನಪಿರಬೇಕು. ಬೆಳಗಾಗುವುದರೊಳಗೆ ನಗರದಲ್ಲಿ 100 ಮಿಲಿಮೀಟರ್ ದಾಟಿತ್ತು. ಹೊರಮಾವಿನ ಸಾಯಿ ಲೇಔಟ್‌ನಲ್ಲಿ ಮನೆಗಳ ಒಳಗೆ ನೀರು ನಿಂತಿತ್ತು. ನಮ್ಮ ಮನೆಯಿಂದ ಅದು ದೂರವೇನಲ್ಲ. ಆ ರಾತ್ರಿ ಗುಂಪಿನಲ್ಲಿ ಮೋಡದ ಚೆಂದದ ಮಾತೇ ಬರಲಿಲ್ಲ. ಯಾವ ರಸ್ತೆ ಮುಚ್ಚಿದೆ, ಯಾರ ಮನೆ ಕೆಳಮಟ್ಟದಲ್ಲಿದೆ, ಬರೀ ಇದೇ.

ಈ ರಾತ್ರಿಗೆ ವಾಪಸ್. ಬೆಳಿಗ್ಗೆ 8.30. ದೇಶದಲ್ಲೆಲ್ಲ ಮಳೆಯ ದಿನ ಶುರುವಾಗುವುದು, ಮುಗಿಯುವುದು ಈ ಹೊತ್ತಿಗೇ. ನನ್ನ ಟೆರೇಸಿನ ಮಾಪಕದಲ್ಲಿ 19 ಮಿಲಿಮೀಟರ್. ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ 19 ಲೀಟರ್ ನೀರು. ಹೊಸಕೋಟೆಯಲ್ಲಿ ಬೋರ್ಡ್ ಹಾರಿದ್ದೇ ಬಂತು, ಅಂಗಡಿಯ ಮುಂದೆ ನೆಲ ಒದ್ದೆಯಾದದ್ದು ಅಷ್ಟೇ. ಜಯನಗರದಲ್ಲಿ ಸೊನ್ನೆ. ಸಾರ್ ಎರಡು ಗಂಟೆಯವರೆಗೆ ಎದ್ದು ಕಾದಿದ್ದರಂತೆ. "ಗುಡುಗಿನ ಸದ್ದು ಮಾತ್ರ ಕೇಳಿಸ್ತು ಕಣಯ್ಯಾ, ನಮ್ಮ ಏರಿಯಾಗೆ ಯಾರೋ ಛತ್ರಿ ಹಿಡಿದಿದಾರೆ" ಎಂದರು.

ಶ್ರೀನಿವಾಸಪುರದ ಫೋಟೊಗಳು ಹತ್ತು ಗಂಟೆಗೆ ಬಂದವು. ಮರದ ಕೆಳಗೆ ಎಲೆ, ಕಾಯಿ ಒಟ್ಟಿಗೆ ಹಾಸಿವೆ. ಇದನ್ನು ಹತ್ತಿರದಿಂದ ನೋಡಿ. ಮರದಲ್ಲೇ ಉಳಿದ ಬಾದಾಮಿ ಮಾವಿನಕಾಯಿ. ಕಲ್ಲು ತಗುಲಿದ ಜಾಗದಲ್ಲಿ ಸಿಪ್ಪೆ ಒಡೆದಿಲ್ಲ, ಸಣ್ಣದೊಂದು ಗುಳಿ ಇದೆ, ಅಷ್ಟೇ. ಕೆಲವು ದಿನದಲ್ಲಿ ಅದು ಕಪ್ಪಾಗಿ ಒಳಗಿನಿಂದ ಕೊಳೆಯುತ್ತದೆ. ಮಂಡಿಯಲ್ಲಿ ಅಂಥ ಕಾಯಿಯನ್ನು ಪಕ್ಕಕ್ಕೆ ಎಸೆಯುತ್ತಾರೆ. ಬಿದ್ದದ್ದನ್ನು ಉಪ್ಪಿನಕಾಯಿಯವರು ಒಯ್ಯುತ್ತಾರೆ, ಅವರು ಹೇಳಿದ ರೇಟಿಗೆ. ರಾತ್ರಿ 8.30ಕ್ಕೇ ನಮಗೆ ಆ ಮೋಡ ಕಂಡಿತ್ತು. ಅಣ್ಣನಿಗೂ ಕಂಡಿತ್ತು. ಒಂದು ಗಂಟೆ ಮೊದಲು ಗೊತ್ತಾದರೆ ಎಮ್ಮೆಯನ್ನು ಕೊಟ್ಟಿಗೆಗೆ ಕಟ್ಟಬಹುದು, ಬೈಕ್ ಒಳಗೆ ನಿಲ್ಲಿಸಬಹುದು. ಮರವನ್ನು ಏನು ಮಾಡುವುದು?

ಮಧ್ಯಾಹ್ನ ಮೂರಕ್ಕೆ ಗುಂಪಿನಲ್ಲಿ ಜಯನಗರದ ಸಾರ್ ಮತ್ತೆ ಕೇಳಿದರು: "ಮದನಪಲ್ಲಿ ಕಡೆ ಇವತ್ತೇನಾದ್ರೂ ಎದ್ದಿದ್ಯಾ?"

ಮಾವಿನ ತೋಟದ ಅಣ್ಣನದೇ ಮೊದಲ ಉತ್ತರ: "ಬಾದಾಮಿ ಇಳಿಸೋವರೆಗೂ ಸುಮ್ನಿರಿ ಸಾರ್. ಆಮೇಲೆ ಎಷ್ಟು ಬೇಕಾದ್ರೂ ಕರೆಸ್ಕೊಳಿ. ನಾನೇ ದಾರಿ ತೋರಿಸಿ ಕಳಿಸ್ತೀನಿ."