ಆಲು, ಹಾಲು, ಮಿಲ್ಕು

ಬೆಳಗ್ಗೆ ಐದೂಮುಕ್ಕಾಲು. ಇದು ನಮ್ಮ ಅಡುಗೆಮನೆ. ಚಿತ್ರ ಸ್ವಲ್ಪ ಓರೆಯಾಗಿದೆ, ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೇನೆ. ಆ ಬೆನ್ನು ನಮ್ಮ ಯಜಮಾನರದ್ದು. ಮುಖ ತೋರಿಸುವುದಕ್ಕೆ ಒಪ್ಪಲಿಲ್ಲ, ಬೆನ್ನಾದರೆ ಪರವಾಗಿಲ್ಲ ಅಂದರು. ಮದುವೆಯಾಗಿ 14 ವರ್ಷವಾಯಿತು, ಬೆಳಗಿನ ಕಾಫಿ ಯಾವಾಗಲೂ ಅವರದ್ದೇ. ನಾನು ಮಾಡಿದರೆ ಡಿಕಾಕ್ಷನ್ ನೀರಾಗುತ್ತದೆ ಅಂತ ದೂರು. ನಿಜವೂ ಹೌದು.

ಈಗ ಏನೋ ಅಂದರಲ್ಲ, ಕೇಳಿಸಿತಾ? "ಮಿಲ್ಕ್ ಮುಗೀತು, ಸಂಜೆಗೆ ತರ್ಬೇಕು." ಈ ಮಿಲ್ಕ್ ಅನ್ನುವ ಮಾತಿನ ಬಗ್ಗೆಯೇ ಇವತ್ತಿನ ವೀಡಿಯೊ. ಎಂಥ ವಿಷಯ ಅನ್ನಬೇಡಿ, ಸ್ವಲ್ಪ ಕೇಳಿ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರ್. 4 ಮತ್ತು 5ನೇ ಕ್ಲಾಸು ನನ್ನವು. ಇವರದ್ದು ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಕೆಲಸದಲ್ಲಿದ್ದರೆ ವರ್ಗಾವಣೆಯಲ್ಲಿ 'ಪತಿ-ಪತ್ನಿ ಪ್ರಕರಣ' ಅಂತ ಒಂದು ಆದ್ಯತೆ ಇದೆ. ನಮ್ಮದು ಅದಕ್ಕೆ ಬರುವುದಿಲ್ಲ, ಆದರೂ ನಮ್ಮದೂ ಒಂದು ಪ್ರಕರಣವೇ, ಮುಂದೆ ನೋಡಿ.

ಇದು ಶಾಲೆಗೆ ಹೋಗುವ ದಾರಿ. ಎರಡೂ ಕಡೆ ತೆಂಗು, ನಡುವೆ ನನ್ನ ಸ್ಕೂಟಿ. ಇಲ್ಲಿ ಮಾತಾಡಿದ್ದೆಲ್ಲ ಗಾಳಿಗೆ ಹೋಗಿದೆ, ಮುಂದಕ್ಕೆ ಓಡಿಸಿದ್ದೇನೆ.

ಶಾಲೆಯಲ್ಲಿ ಮಕ್ಕಳ ಮುಖ ತೋರಿಸುವುದಿಲ್ಲ. ಅದಕ್ಕೇ ಬರೀ ಲೋಟಗಳ ಸಾಲು. ಕ್ಷೀರಭಾಗ್ಯ 2013ರ ಆಗಸ್ಟ್‌ನಲ್ಲಿ ಶುರುವಾಯಿತು. ಒಂದು ಮಗುವಿಗೆ 150 ಎಂಎಲ್ ಹಾಲು, ಪುಡಿಯಲ್ಲಿ ಮಾಡಿದ್ದು. ಈಗ ಕೆಲವು ದಿನ ರಾಗಿ ಮಾಲ್ಟೂ ಸೇರುತ್ತದೆ. ಗೋಡೆಯ ಮೇಲೆ ದೊಡ್ಡದಾಗಿ 'ಕ್ಷೀರ' ಅಂತ ಬರೆದಿದೆ. ನನ್ನ ಸರ್ವೀಸಿನಲ್ಲಿ ಒಂದು ಮಗುವೂ ಬಂದು "ಮಿಸ್, ಕ್ಷೀರ ಕೊಡಿ" ಅಂದಿಲ್ಲ. "ಮಿಸ್, ಆಲು."

ನಮ್ಮ ಕಡೆ ಊರುಗಳಲ್ಲಿ ಹಾಗೇ. ಹ ಬಿದ್ದುಹೋಗುತ್ತದೆ. ಹಳ್ಳಿ ಅಳ್ಳಿ, ಹೂವು ಊವು, ಹತ್ತು ರೂಪಾಯಿ ಅತ್ತು ರೂಪಾಯಿ. ಒಮ್ಮೆ ಒಬ್ಬ ಹುಡುಗ "ನಂಗೆ ಆಡು ಇಷ್ಟ ಮಿಸ್" ಅಂದ. ಹಾಡೋ ಆಡೋ ಅಂತ ಕೇಳಿದೆ. "ಎರಡೂನೂ ಮಿಸ್" ಅಂದ. ಅವರ ಮನೆಯಲ್ಲಿ ಆರು ಆಡು ಇವೆ, ಅವನು ಹಾಡುವುದೂ ಚೆನ್ನಾಗಿಯೇ.

ನಾನು ಶಿವಮೊಗ್ಗದವಳು, ಅದೂ ಪೇಟೆಯಲ್ಲಿ ಬೆಳೆದವಳು. ಇಲ್ಲಿಗೆ ಬಂದ ಹೊಸದರಲ್ಲಿ ಉಕ್ತಲೇಖನ ಕೊಟ್ಟರೆ ನೋಟ್‌ಬುಕ್ಕೆಲ್ಲ ಕೆಂಪಾಗುತ್ತಿತ್ತು. ಆಲು ಅಂತ ಬರೆದರೆ ಸುತ್ತ ಗುಂಡು ಹಾಕಿ ಪಕ್ಕದಲ್ಲಿ ಹಾಲು, ಹತ್ತು ಸಲ ಬರೆ. ಸ್ವಲ್ಪ ದಿನಕ್ಕೆ ಏನಾಯಿತು ಅಂದರೆ ಹೆದರಿದ ಮಕ್ಕಳು ಎಲ್ಲದಕ್ಕೂ ಹ ಸೇರಿಸಲು ಶುರು ಮಾಡಿದವು. ಆನೆ ಹಾನೆಯಾಯಿತು, ಎಲೆ ಹೆಲೆಯಾಯಿತು, ಅಕ್ಕ ಹಕ್ಕ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕಿದ್ದೇವೆ. ಈಗ ನೆನೆಸಿಕೊಂಡರೆ ಆ ನಗು ಅಷ್ಟು ಚೆನ್ನಾಗಿ ಅನ್ನಿಸುವುದಿಲ್ಲ.

ಹೋದ ವರ್ಷ 4ನೇ ಕ್ಲಾಸಿನಲ್ಲಿ ಒಬ್ಬಳು ಎರಡು ಜಡೆಯ ಹುಡುಗಿ ಇದ್ದಳು. ಹೆಸರು ಬೇಡ. 'ನಮ್ಮ ತೋಟ' ಅಂತ ಐದು ವಾಕ್ಯ ಬರೆಯಲು ಹೇಳಿದ್ದೆ. ಅವಳು ಬರೆದದ್ದು ನೋಡಿ: "ನಮ್ಮ ತೋಟದಲ್ಲಿ ಪುಷ್ಪಗಳಿವೆ. ಪಕ್ಷಿಗಳು ಬರುತ್ತವೆ. ನಿನ್ನೆ ಸರ್ಪ ಬಂದಿತ್ತು." ನನಗೋ ಖುಷಿಯೋ ಖುಷಿ. ಬೇರೆಯವರೆಲ್ಲ ಊವು ಅಕ್ಕಿ ಅಂತ ಬರೆಯುವಾಗ ಈ ಹುಡುಗಿ ಪುಷ್ಪ, ಪಕ್ಷಿ! ಎಲ್ಲರ ಮುಂದೆ ಓದಿಸಿದೆ, ಚಪ್ಪಾಳೆ ಹೊಡೆಸಿದೆ, ಕೆಳಗೆ 'ತುಂಬಾ ಜಾಣೆ' ಅಂತ ಬರೆದು ಒಂದು ಸ್ಟಾರೂ ಹಾಕಿದೆ.

ಹದಿನೈದು ದಿನ ಬಿಟ್ಟು 'ನಮ್ಮ ಮನೆ'. ಅದರಲ್ಲಿ "ನಮ್ಮ ಗೋವು ಕ್ಷೀರ ಕೊಡುತ್ತದೆ" ಅಂತ ಇತ್ತು. ಜೋರಾಗಿ ನಗು ಬಂತು. ಕ್ಷೀರ ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಶಾಲೆಯ ಗೋಡೆಯಿಂದ. ಆದರೆ ನಗುತ್ತಾ ನಗುತ್ತಾ ಏನೋ ಅನುಮಾನ ಬಂದು ಹಿಂದಿನ ಪುಟಗಳನ್ನು ತಿರುವಿದೆ. ಹಸು ಇಲ್ಲ, ಹಾಲು ಇಲ್ಲ, ಹಾವು ಇಲ್ಲ, ಹಣ್ಣು ಇಲ್ಲ. ಹೇಳಿದರು ಅನ್ನುವ ಕಡೆ ಎಲ್ಲ ಅಂದರು. ಒಂದೇ ಒಂದು ಕಡೆ ತಪ್ಪಿಸಿಕೊಳ್ಳಲು ಆಗಿಲ್ಲ. "ನಾನು ಜಾತ್ರೆಗೆ" ಅಂತ ಬರೆದು ಮುಂದೆ ಹೋದೆ ಬರಬೇಕಿತ್ತಲ್ಲ, ಅಲ್ಲಿ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗಿದೆ. ಬೆಳಕಿಗೆ ಹಿಡಿದರೆ ಮೊದಲು ಓದೆ, ಆಮೇಲೆ ಹೋದೆ, ಮತ್ತೆ ಓದೆ, ಹೀಗೆ ಪೆನ್ಸಿಲ್ ಗುರುತು ಒಂದರ ಮೇಲೊಂದು.

ಕರೆದು ಮೆತ್ತಗೆ ಕೇಳಿದೆ. ಕಾಲಿನ ಹೆಬ್ಬೆರಳು ನೋಡುತ್ತಾ ಅಂದಳು, "ಅದು ಬಂದ್ರೆ ನೀವು ಕೆಂಪಲ್ಲಿ ಬರೀತೀರಲ್ಲ ಮಿಸ್."

ನೋಡಿ, ಅವಳು ಬಚ್ಚಿಟ್ಟುಕೊಂಡಿದ್ದಳು. ನಾನು ಅದಕ್ಕೆ ಚಪ್ಪಾಳೆ ಹೊಡೆಸಿದ್ದೆ.

ಹೊಗಳಿದರೆ ಮಕ್ಕಳು ಉದ್ಧಾರವಾಗುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 1998ರಲ್ಲಿ ಅಮೆರಿಕದಲ್ಲಿ ಕ್ಲೌಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಅಂತ ಇಬ್ಬರು 5ನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಮೊದಲು ಸುಲಭದ ಚಿತ್ರದ ಒಗಟುಗಳನ್ನು ಕೊಟ್ಟು, ಕೆಲವರಿಗೆ ನೀನು ಜಾಣ ಅಂದರು, ಕೆಲವರಿಗೆ ಚೆನ್ನಾಗಿ ಕಷ್ಟಪಟ್ಟೆ ಅಂದರು. ಆಮೇಲೆ ಬೇಕೆಂದೇ ಕಷ್ಟದ್ದು ಕೊಟ್ಟರು. ಅದಾದ ಮೇಲೆ ಮತ್ತೆ ಸುಲಭದ್ದು ಕೊಟ್ಟರೆ ಜಾಣ ಅನ್ನಿಸಿಕೊಂಡವರು ಮೊದಲಿಗಿಂತ ಕೆಳಗಿಳಿದರು, ಕಷ್ಟಪಟ್ಟೆ ಅನ್ನಿಸಿಕೊಂಡವರು ಮೇಲೆ ಹೋದರು. ನನಗೆ ತಲೆಯಲ್ಲಿ ಉಳಿದದ್ದು ಅದಲ್ಲ, ಇನ್ನೊಂದು. ಎಷ್ಟು ಬಂತು ಅಂತ ಗುರುತಿಲ್ಲದ ಇನ್ನೊಂದು ಮಗುವಿಗೆ ಬರೆದು ತಿಳಿಸಿ ಅಂದಾಗ, ಜಾಣ ಅನ್ನಿಸಿಕೊಂಡವರಲ್ಲಿ ಹತ್ತಕ್ಕೆ ಹತ್ತಿರಹತ್ತಿರ ನಾಲ್ಕು ಜನ ಜಾಸ್ತಿ ಮಾಡಿ ಬರೆದರಂತೆ. ಸುಮ್ನೆ, ಯಾರೋ ಗೊತ್ತಿಲ್ಲದವರಿಗೆ! ನನ್ನ ಹುಡುಗಿಯ ಕ್ಷೀರವೂ ಅದೇ ಜಾತಿಯದ್ದು ಅನ್ನಿಸಿತು.

ಹಾಗಂತ ತಿದ್ದಲೇಬಾರದು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ 125 ಅಂಕ. ಅಲ್ಲಿ ಪೇಪರ್ ನೋಡುವವರು ಪಾಪ ಅರಸೀಕೆರೆ ಕಡೆಯ ಮಗು ಅಂತ ಬಿಡುತ್ತಾರಾ? ತಿದ್ದಬೇಕು. ನಾನೀಗ ಕೆಂಪು ಪೆನ್ನು ಬಿಟ್ಟು ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆಯುತ್ತೇನೆ, ತಿದ್ದುವುದು ಮಗುವಿನ ಕೆಲಸ. ಆಮೇಲೆ ಬೋರ್ಡಿನ ಮೇಲೆ ಎರಡು ಕಂಬ. ಮನೇಲಿ ಅನ್ನೋದು, ಪುಸ್ತಕದಲ್ಲಿ ಬರೆಯೋದು. ಆಲು, ಹಾಲು. ಊವು, ಹೂವು. ಅಕ್ಕಿ, ಹಕ್ಕಿ.

ಒಂದು ದಿನ ಮೂರನೇ ಕಂಬವೂ ಎಳೆದೆ. ಹತ್ತನೇ ಶತಮಾನದ ಪಂಪನ ಕಾಲಕ್ಕೆ ಈ ಹಾಲು ಹಾಲೇ ಅಲ್ಲ, ಪಾಲ್. ಹೂ ಅಲ್ಲ, ಪೂ. ಹುಲಿ ಅಲ್ಲ, ಪುಲಿ. ತಮಿಳಿನವರು ಈಗಲೂ ಪಾಲ್ ಅನ್ನುತ್ತಾರೆ, ತೆಲುಗಿನವರು ಪಾಲು. ನಮ್ಮಲ್ಲಿ ಮಾತ್ರ ಬರುಬರುತ್ತಾ ಪ ಹೋಗಿ ಹ ಆಯಿತು, ನಮ್ಮ ಮಕ್ಕಳ ಬಾಯಲ್ಲಿ ಆ ಹ ಕೂಡ ಹೋಯಿತು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ಅಂಗಾದ್ರೆ ನೀವು ಏಳೋದೂ ತಪ್ಪಾ ಮಿಸ್?" ಉತ್ತರ ಹೊಳೆಯಲಿಲ್ಲ. ಬೆಲ್ ಹೊಡೆದು ಬದುಕಿಸಿತು.

ಈಗ ಮನೆಗೆ ಬರೋಣ.

ಆ ಹುಡುಗಿ ಕೆಂಪಲ್ಲಿ ಬರೀತೀರಲ್ಲ ಅಂದಳಲ್ಲ, ಅವತ್ತು ಸಂಜೆ ಇವರು ಅಂಗಡಿಯಿಂದ ಫೋನ್ ಮಾಡಿ "ಮಿಲ್ಕ್ ತರ್ಲಾ?" ಅಂದರು. 14 ವರ್ಷದಿಂದ ದಿನಾ ಕೇಳುವ ಮಾತು. ಅವತ್ತು ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇವರು ಹಾಲು ಅಂದದ್ದನ್ನೇ ನಾನು ಕೇಳಿಲ್ಲ. ಹಣ್ಣು ಅನ್ನುವುದಿಲ್ಲ, ಫ್ರೂಟ್ಸ್. ಹತ್ತು ಸಾವಿರ ಅನ್ನುವುದಿಲ್ಲ, ಟೆನ್ ತೌಸಂಡ್. ಹೂವು ತರ್ಲಾ ಅನ್ನುವ ಬದಲು ಮಲ್ಲಿಗೆ ತರ್ಲಾ, ಕನಕಾಂಬರ ತರ್ಲಾ. ಈಗಿನ ಕಾಲದಲ್ಲಿ ಎಲ್ಲರೂ ಹಾಗೇ ಮಾತಾಡುವುದರಿಂದ ನನಗೆ ಅನುಮಾನವೇ ಬಂದಿರಲಿಲ್ಲ. ಅವರ ಅವ್ವನ ಜೊತೆ ಫೋನಿನಲ್ಲಿ ಮಾತ್ರ ಬೇರೆ. "ಆಲು ಕರುದ್ರಾ ಅವ್ವಾ? ಅಸಾ ಉಸಾರಾಗೈತಾ?" ಅದೂ ಹಿತ್ತಲಿಗೆ ಹೋಗಿ.

ಯಾವಾಗಿಂದ ಅಂತ ಹುಡುಕುವುದು ಕಷ್ಟವಾಗಲಿಲ್ಲ. ಮದುವೆಯಾದ ಮೊದಲ ದೀಪಾವಳಿ, ಶಿವಮೊಗ್ಗದಲ್ಲಿ ನಮ್ಮ ತವರು. ಹೊಸ ಅಳಿಯ, ಬಾಳೆಲೆ, ಹೋಳಿಗೆ. ಅಮ್ಮ ಹೋಳಿಗೆ ಮೇಲೆ ಹಾಲು ಸುರಿಯುತ್ತಿದ್ದಾರೆ, ಇವರು ಎಲೆಗೆ ಕೈ ಅಡ್ಡ ಹಿಡಿದು "ಸಾಕು ಅತ್ತೆ, ಆಲು ಸಾಕು" ಅಂದರು. ನಾನು ನಗುತ್ತಾ, "ಆಲು ಅಲ್ಲ ರೀ, ಹಾಲು. ಹಾ... ಹೇಳಿ ನೋಡೋಣ" ಅಂದೆ. ಥೇಟ್ ಕ್ಲಾಸಿನಲ್ಲಿ ಅನ್ನುವ ಹಾಗೆ. ಪಂಕ್ತಿಯಲ್ಲಿ ಕೂತಿದ್ದ ಚಿಕ್ಕಪ್ಪಂದಿರು, ಅವರ ಮಕ್ಕಳು ಎಲ್ಲ ನಕ್ಕರು. ಇವರೂ ನಕ್ಕರು. ಪ್ರೀತಿಯ ತಮಾಷೆ ಅಂತಲೇ ನನ್ನ ಲೆಕ್ಕದಲ್ಲಿ ಇಷ್ಟು ವರ್ಷ ಇತ್ತು.

ಇದು ಇವರ ಅಂಗಡಿ, ಹೋದ ಭಾನುವಾರ ತೆಗೆದದ್ದು. ಹಿಂದೆ ಸದ್ದು ಜಾಸ್ತಿ, ಸಹಿಸಿಕೊಳ್ಳಿ. ಬೇಸಿಗೆ ಬಂತೆಂದರೆ ತೋಟಕ್ಕೆ ನೀರು ಬೇಕೇ ಬೇಕು, ವೋಲ್ಟೇಜ್ ಇರುವುದಿಲ್ಲ, ಪಂಪ್‌ಸೆಟ್ ಮೋಟಾರುಗಳು ಸಾಲುಸಾಲಾಗಿ ಸುಟ್ಟುಕೊಂಡು ಬರುತ್ತವೆ. ಸುಟ್ಟ ತಂತಿ ಕಿತ್ತು, ತಂತಿ ಕೂರುವ ಸಂದುಗಳನ್ನು ಒರೆಸಿ, ಹೊಸ ತಾಮ್ರದ ತಂತಿ ಸುತ್ತಬೇಕು. ಸುತ್ತು ಎಣಿಸುವಾಗ ಇವರನ್ನು ಯಾರೂ ಮಾತಾಡಿಸುವ ಹಾಗಿಲ್ಲ, ನಾನೂ ಇಲ್ಲ. ಎಣಿಕೆ ತಪ್ಪಿದರೆ ಮೊದಲಿನಿಂದ.

ಇವರ ಹತ್ತಿರ ಕೆಲಸ ಕಲಿಯುವ ಒಬ್ಬ ಹುಡುಗನಿದ್ದಾನೆ. ಅವನು ಸುತ್ತಿದ್ದಕ್ಕೆ ಇವರು ಮೀಟರ್ ಹಿಡಿದು ನೋಡಿದರು. ಮೂರು ಫೇಸಿನಲ್ಲಿ ಒಂದರ ರೀಡಿಂಗ್ ಬೇರೆ ಬಂತು. ಅಂದರೆ ಎಲ್ಲೋ ಸುತ್ತು ಕಮ್ಮಿ, ಅರ್ಧ ದಿನದ ಕೆಲಸ ಹೋಯಿತು. ನಾನಾಗಿದ್ದರೆ ಏನಂತಿದ್ದೆನೋ. ಇವರು ತಂತಿ ಮೇಲೆ ಬೆರಳಾಡಿಸಿ ಹೇಳಿದ್ದು ಇಷ್ಟು: "ತಂತಿ ಬಿಗಿಯಾಗಿ ಕೂರ್ಸಿದೀಯ, ಒಂದರ ಮೇಲೊಂದು ಏರಿಲ್ಲ. ಎಣಿಕೆ ತಪ್ಪಿದೆ. ಈ ಕಡೇದು ಬಿಚ್ಚು." ಆಮೇಲೆ ಟೀ ತರಿಸಿದರು, ಇಬ್ಬರಿಗೂ. ಹುಡುಗ ಟೀ ಕುಡಿದು ಬಿಚ್ಚಲು ಕೂತ. ಜಾಣ ಅಂತಲೂ ಇಲ್ಲ, ದಡ್ಡ ಅಂತಲೂ ಇಲ್ಲ. ಡಿ.ಎಡ್ ಮಾಡಿದವಳು ನಾನು. ಅಷ್ಟು ಸಾಕಲ್ವಾ, ಜಾಸ್ತಿ ಹೇಳಿದರೆ ಈ ವೀಡಿಯೊ ಅವರ ಕೈಗೆ ಸಿಕ್ಕಾಗ ತಲೆಗೇರುತ್ತದೆ.

ಆ ಹೋಳಿಗೆ ವಿಷಯ ಕೇಳಿಯೇ ಬಿಟ್ಟೆ. ರಾತ್ರಿ ಪಾತ್ರೆ ತೊಳೆಯುವಾಗ. ನಾನು ಉಜ್ಜುವುದು, ಅವರು ನೀರಲ್ಲಿ ಅದ್ದಿ ಬೋರಲು ಹಾಕುವುದು. "ಅವತ್ತು ಎಲ್ಲರ ಮುಂದೆ ಹಾಗಂದೆನಲ್ಲ, ಬೇಜಾರಾಗಿತ್ತಾ?" ಅಂದೆ.

"ಯಾವತ್ತು?"

"ದೀಪಾವಳೀಲಿ. ಹಾಲು ಅಂತ."

ಸ್ವಲ್ಪ ಹೊತ್ತು ಏನೂ ಇಲ್ಲ. ಒಂದು ತಟ್ಟೆ ಅದ್ದಿದರು, ಇನ್ನೊಂದು ಅದ್ದಿದರು. "ಅದೆಲ್ಲ ಯಾವ ಕಾಲದ್ದು ಬಿಡು. ಅಂಗಡೀಲಿ ಎಲ್ಲಾರೂ ಮಿಲ್ಕ್ ಅಂತಾರೆ, ರೂಢಿ ಆಗೋಗಿದೆ." ಆಮೇಲೆ ಕೊನೆಯ ಲೋಟ ಬೋರಲು ಹಾಕುತ್ತಾ, "ನಿಮ್ ಚಿಕ್ಕಪ್ಪ ತುಂಬಾ ಹೊತ್ತು ನಕ್ಕರು" ಅಂದರು.

ಸಾರಿ ಅಂದೆ. ಕೈಯೆಲ್ಲ ಸೋಪಿನ ನೊರೆ. ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಹೋಗಿ ಆ ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕಿದರು. ಅದಕ್ಕೆ ಬೇರೆ ದಿನಗಳಲ್ಲಿ ದೊಡ್ಡ ಜಗಳವೇ ಆಗುತ್ತದೆ, ಅವತ್ತು ಬಿಟ್ಟೆ. ಮಾರನೇ ದಿನದಿಂದ ಮಾಮೂಲಿ, ಬಿಟ್ಟಿಲ್ಲ.

ಅವರು ಈಗಲೂ ಮಿಲ್ಕ್ ಅನ್ನುತ್ತಾರೆ, ಬೆಳಗ್ಗೆ ನೀವೇ ಕೇಳಿದಿರಿ. ಎರಡು ಜಡೆಯ ಹುಡುಗಿ ಈಗ 5ನೇ ಕ್ಲಾಸು. ಮೊನ್ನೆ ಜಾತ್ರೆಗೆ ಓದೆ ಅಂತಲೇ ಬರೆದಿದ್ದಳು, ಉಜ್ಜಿರಲಿಲ್ಲ. ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟೆ. ನೋಡಿ "ಓ" ಅಂತ ನಾಲಿಗೆ ಕಚ್ಚಿಕೊಂಡು ತಿದ್ದಿಕೊಂಡು ಬಂದಳು.

ಇದು ಕೊನೆಯ ಶಾಟ್, ಸಂತೆ ಚೀಟಿ. ಶನಿವಾರ ಸಂಜೆ ಇವರು ಫ್ರಿಡ್ಜ್ ತೆಗೆದು ಒಂದೊಂದೇ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಮ್ಮ ಮನೆಯ ಉಕ್ತಲೇಖನ. ಟೊಮೇಟೊ ಒಂದು ಕೆಜಿ, ಬೀನ್ಸ್ ಅರ್ಧ, ತೊಂಡೆಕಾಯಿ. ತಲೆ ಫ್ರಿಡ್ಜ್ ಒಳಗೇ ಇತ್ತು, ಹಾಗೇ ಬಾಯಿಂದ ಬಂತು, "ಅಸಿಮೆಣಸಿನಕಾಯಿ ಕಾಲು ಕೆಜಿ." ತಕ್ಷಣ ತಲೆ ಹೊರಗೆ ಬಂತು, ನನ್ನ ಕಡೆ ನೋಡಿದರು. ನಾನು ಚೀಟಿ ಬಿಟ್ಟು ತಲೆಯೆತ್ತಲಿಲ್ಲ. ನಾಲ್ಕನೇ ಸಾಲು, ನನ್ನದೇ ಅಕ್ಷರ, ಓದಲು ಬರುತ್ತದಾ ನೋಡಿ: ಅಸಿಮೆಣಸಿನಕಾಯಿ, ಕಾಲು ಕೆಜಿ. ತರಕಾರಿಯವನು ಚೀಟಿ ನೋಡಿದ, ತೂಗಿದ, ಒಂದು ಹಿಡಿ ಕೊಸರೂ ಹಾಕಿದ.